ಬುತ್ತಿಯಿಲ್ಲದ ಬೀಜಗಳ ಲೆಕ್ಕಾಚಾರ

ಜೋಳದ ಹೊಲದಲ್ಲಿ ಸ್ಟ್ರೈಗಾ ಕಣ್ಣಿಗೆ ಬೀಳುವ ಹೊತ್ತಿಗೆ ಬೆಳೆಗೆ ಆಗಬೇಕಾದ ಹಾನಿ ಬಹುಪಾಲು ಆಗಿಹೋಗಿರುತ್ತದೆ. ಮಣ್ಣಲ್ಲಿ ಹದವಿದ್ದರೂ ಬಾಡಿದಂತೆ ನಿಂತ ದಂಟು, ಸೊರಗಿದ ತೆನೆ, ಬುಡದ ಸುತ್ತ ಗೇಣುದ್ದದ ಪುಟ್ಟ ಹೂಗಿಡಗಳು. ಹೊರಗೆ ತಲೆ ಎತ್ತುವ ಮುನ್ನ ಈ ಗಿಡ ವಾರಗಟ್ಟಲೆ ನೆಲದೊಳಗೇ ಇದ್ದು ಜೋಳದ ಬೇರಿನಿಂದ ನೀರನ್ನೂ ಸಕ್ಕರೆಯನ್ನೂ ಹೀರುತ್ತಿರುತ್ತದೆ. ಎಡೆಕುಂಟೆ ಹೊಡೆದರೂ ಕೈಯಲ್ಲಿ ಕಿತ್ತರೂ ಆ ವರ್ಷದ ಬೆಳೆಗೆ ಹೆಚ್ಚಿನ ಪ್ರಯೋಜನವಿಲ್ಲ. ಮುಂದಿನ ವರ್ಷಕ್ಕೆ ಬೀಜ ಉದುರದಂತೆ ತಡೆಯಬಹುದು, ಅಷ್ಟೇ. ಉತ್ತರ ಕರ್ನಾಟಕದ ಜೋಳ ಮತ್ತು ಕಬ್ಬಿನ ಹೊಲಗಳಿಗೆ ಇದು ಹಳೆಯ ಪೀಡೆ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಇದರ ಇನ್ನೊಂದು ಪ್ರಭೇದವಾದ ಸ್ಟ್ರೈಗಾ ಹರ್ಮಾಂಥಿಕಾ ಜೋಳ, ಸಜ್ಜೆ, ಮೆಕ್ಕೆಜೋಳಗಳಿಗೆ ಮಾಡುವ ನಷ್ಟ ವರ್ಷಕ್ಕೆ ನೂರು ಕೋಟಿ ಡಾಲರಿನಷ್ಟು ಎಂಬ ಅಂದಾಜನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. ಹೀಗಾಗಿ ಈ ಕಳೆಯ ವಿಚಾರದಲ್ಲಿ ಬೀಜ ಯಾವಾಗ, ಏಕೆ ಮೊಳೆಯುತ್ತದೆ ಎಂಬುದೇ ಮೊದಲ ಪ್ರಶ್ನೆ. ಉಳಿದದ್ದೆಲ್ಲ ತಡವಾಗಿ ಕೇಳಿದ ಪ್ರಶ್ನೆಗಳು.

ಪರಾವಲಂಬಿಯ ಬೀಜ ತನ್ನ ಆಸರೆ ಗಿಡವನ್ನು ಗುರುತು ಹಿಡಿದು ಮೊಳೆಯುತ್ತದೆ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಓದಲು ಸೊಗಸು, ಆದರೆ ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಸೇರಿದ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಮಾತು ಅರ್ಧ ಮಾತ್ರ ಸರಿ. ಈ ಬೀಜಗಳು ಮೊಳೆಯುವ ಮೊದಲು ತಿಳಿದುಕೊಳ್ಳುವುದು ಮುಖ್ಯವಾಗಿ ದೂರವನ್ನು ಮತ್ತು ಸಮಯವನ್ನು: ಬದುಕಿರುವ ಒಂದು ಬೇರು ಕೆಲವೇ ಮಿಲಿಮೀಟರ್ ಅಂತರದಲ್ಲಿ, ಈಗ, ಇದೆಯೇ? ಆ ಬೇರು ಯಾರದು ಎಂಬ ವಿಚಾರಣೆ ಬಹುಮಟ್ಟಿಗೆ ಆಮೇಲಿನದು. ಇಷ್ಟು ಎಚ್ಚರ ಯಾವ ಬೀಜಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ತಾಯಿಗಿಡ ಕಟ್ಟಿಕೊಟ್ಟ ಬುತ್ತಿಯ ಗಾತ್ರ ತೀರ್ಮಾನಿಸುತ್ತದೆ.

ಸ್ಟ್ರೈಗಾದ ಬೀಜವನ್ನು ಬರಿಗಣ್ಣಿನಲ್ಲಿ ನೋಡಿದರೆ ಕಂದು ಧೂಳು. ಮಸೂರದ ಕೆಳಗಿಟ್ಟಾಗ ಮೇಲ್ಮೈಯಲ್ಲಿ ಓರೆಯಾಗಿ ಹರಿದ ಏಣುಗಳು ಕಾಣುತ್ತವೆ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಒಂದು ಗ್ರಾಂ ತೂಗಬೇಕಾದರೆ ಸುಮಾರು 2 ಲಕ್ಷ ಬೀಜ ಬೇಕು. ಒಂದೇ ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ, ಅವು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಜೀವ ಹಿಡಿದಿರಬಲ್ಲವು. ಈ ಬೀಜವನ್ನು ತಂದು ನೀರು ಹಾಕಿದರೆ ಮೊಳೆಯುವುದಿಲ್ಲ. ಬೇರಿನ ರಸ ಹಾಕಿದರೂ ಕೂಡಲೇ ಮೊಳೆಯುವುದಿಲ್ಲ. ಮೊದಲು ಅದು ಮೂವತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚನೆಯ ತೇವದಲ್ಲಿ ಒಂದೆರಡು ವಾರ ನೆನೆಯಬೇಕು. ಮುಂಗಾರಿನ ಮೊದಲ ಮಳೆಗಳು ಬಿದ್ದು ಬೆಳೆ ಬೇರು ಬಿಡುವ ಕಾಲಕ್ಕೆ ಇದು ಸರಿಯಾಗಿ ಹೊಂದುತ್ತದೆ. ಪ್ರಯೋಗಾಲಯದಲ್ಲಿ ಒದ್ದೆ ಕಾಗದದ ಮೇಲೆ ಹೀಗೆ ಹದಗೊಂಡ ಬೀಜಕ್ಕೆ ಸರಿಯಾದ ರಾಸಾಯನಿಕದ ಒಂದು ಹನಿ ಬಿದ್ದರೆ ಒಂದು ದಿನದೊಳಗೆ ಸಿಪ್ಪೆ ಬಿರಿದು ಬಿಳಿಯ ಎಳೆಯೊಂದು ಹೊರಗೆ ಇಣುಕುತ್ತದೆ. ಹನಿ ಬೀಳಲೇ ಇಲ್ಲವೆನ್ನಿ. ಬಹಳ ದಿನ ತೇವದಲ್ಲೇ ಬಿಟ್ಟ ಬೀಜ ಮತ್ತೆ ಸುಪ್ತಾವಸ್ಥೆಗೆ ಜಾರುತ್ತದೆ, ಆಮೇಲೆ ಅದೇ ಹನಿ ಬಿದ್ದರೂ ಜಗ್ಗುವುದಿಲ್ಲ. ಹೊರಬಂದ ಎಳೆ ಬೆಳೆಯುವುದು ಕೆಲವೇ ಮಿಲಿಮೀಟರ್. ಕೆಲವು ದಿನಗಳೊಳಗೆ ಆಸರೆ ಬೇರಿಗೆ ತಾಗದಿದ್ದರೆ ಬುತ್ತಿ ಮುಗಿಯುತ್ತದೆ, ಮೊಳಕೆ ಸಾಯುತ್ತದೆ. ಎರಡನೇ ಅವಕಾಶವಿಲ್ಲ.

ಬೇರಿನಿಂದ ಏನೋ ಒಂದು ವಸ್ತು ಹೊರಬಂದು ಈ ಬೀಜಗಳನ್ನು ಎಬ್ಬಿಸುತ್ತದೆ ಎಂಬ ಊಹೆ ಹಳೆಯದು. ಸ್ಟ್ರೈಗಾದಂತೆಯೇ ಬೇರಿನ ಮೇಲೆ ಬದುಕುವ ಪರಾವಲಂಬಿಯಾದ ಒರೊಬ್ಯಾಂಕಿ ಜಾತಿಯ ಬೀಜಗಳು ಆಸರೆ ಬೇರಿನ ಪಕ್ಕದಲ್ಲಿ ಮಾತ್ರ ಮೊಳೆಯುವುದನ್ನು ಜಿನೀವಾದ ವೋಶೆ 1823ರಲ್ಲೇ ಗಮನಿಸಿ ಬರೆದಿದ್ದರು. ವಸ್ತು ಯಾವುದೆಂದು ತಿಳಿಯಲು ಒಂದು ಬಿಕ್ಕಟ್ಟೇ ಬೇಕಾಯಿತು. 1956ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾ ರಾಜ್ಯಗಳ ಮೆಕ್ಕೆಜೋಳದಲ್ಲಿ ಸ್ಟ್ರೈಗಾ ಪತ್ತೆಯಾಯಿತು. ಆ ದೇಶದ ಮೆಕ್ಕೆಜೋಳದ ಪಟ್ಟಿಗೇ ಅಪಾಯ ಬಂದಂತಾಗಿ ಸರ್ಕಾರ ನಿರ್ಮೂಲನ ಕಾರ್ಯಕ್ರಮಕ್ಕೆ ಹಣ ಸುರಿಯಿತು, ಸಂಶೋಧನೆಗೂ ಅದರಲ್ಲಿ ಪಾಲು ಬಂತು. 1966ರಲ್ಲಿ ಕುಕ್ ಮತ್ತು ಸಂಗಡಿಗರು ಬೇರಿನ ಒಸರಿನಿಂದ ಆ ಪದಾರ್ಥವನ್ನು ಬೇರ್ಪಡಿಸಿ ಸ್ಟ್ರೈಗಾಲ್ ಎಂದು ಹೆಸರಿಟ್ಟರು. ಇಲ್ಲಿ ಒಂದು ವಿಚಿತ್ರವಿದೆ, ಇಡೀ ವಾದಕ್ಕೆ ಅದೇ ಮೊದಲ ಸಾಕ್ಷಿ: ಅವರು ಆರಿಸಿಕೊಂಡ ಬೇರು ಹತ್ತಿಯದು. ಹತ್ತಿಯ ಮೇಲೆ ಸ್ಟ್ರೈಗಾ ಬದುಕುವುದೇ ಇಲ್ಲ. ಆದರೂ ಹತ್ತಿಯ ಬೇರಿನ ಒಸರು ಬೀಜವನ್ನು ಚೆನ್ನಾಗಿಯೇ ಎಬ್ಬಿಸುತ್ತದೆ. ಮೊಳೆತದ್ದು ಹಸಿದು ಸಾಯುತ್ತದೆ. ಆಸರೆಯನ್ನು ನಿಜಕ್ಕೂ ಗುರುತು ಹಿಡಿದು ಮೊಳೆಯುವ ಬೀಜ ಹತ್ತಿಗೆ ಮೋಸಹೋಗಬಾರದಿತ್ತು.

ಇದರ ಬೆನ್ನಿಗೇ ಇನ್ನೊಂದು ಸಂದೇಹ ಏಳುತ್ತದೆ. ತನ್ನನ್ನು ಕೊಲ್ಲುವ ಕಳೆಯನ್ನು ಕರೆದು ಎಬ್ಬಿಸುವ ರಾಸಾಯನಿಕವನ್ನು ಗಿಡ ಮಣ್ಣಿಗೆ ಸುರಿಯುವುದಾದರೂ ಏಕೆ? ಲಕ್ಷಾಂತರ ವರ್ಷಗಳಲ್ಲಿ ಇಂಥ ದುರಭ್ಯಾಸ ತೊಳೆದುಹೋಗಬೇಕಿತ್ತು. ಸುಮಾರು ನಾಲ್ಕು ದಶಕ ಈ ಪ್ರಶ್ನೆಗೆ ಉತ್ತರವಿರಲಿಲ್ಲ. 2005ರಲ್ಲಿ ಜಪಾನಿನ ಅಕಿಯಾಮಾ ಮತ್ತು ಸಂಗಡಿಗರು ಸ್ಟ್ರೈಗಾಲ್ ಕುಟುಂಬಕ್ಕೇ ಸೇರಿದ ಒಂದು ವಸ್ತು ಬೇರಿನ ಸಹಜೀವಿ ಶಿಲೀಂಧ್ರಗಳ ಎಳೆಗಳನ್ನು ಕವಲೊಡೆಸುತ್ತದೆ ಎಂದು ತೋರಿಸಿದರು. ಮಣ್ಣಿನ ರಂಜಕವನ್ನು ಹೆಕ್ಕಿ ತಂದು ಗಿಡಕ್ಕೆ ಕೊಡುವ ಮೈಕೊರೈಜಾ ಶಿಲೀಂಧ್ರಗಳು ಇವು. ನೆಲದ ಮೇಲಿನ ಸಸ್ಯಗಳಲ್ಲಿ ಬಹುಪಾಲು ಇವುಗಳ ನೆರವಿನಿಂದಲೇ ಬದುಕುತ್ತವೆ. ರಂಜಕ ಕಡಿಮೆಯಾದಷ್ಟೂ ಬೇರು ಈ ವಸ್ತುಗಳನ್ನು ಹೆಚ್ಚು ಒಸರುತ್ತದೆ, ಜೋಳದಂಥ ಬೆಳೆಗಳಲ್ಲಿ ಸಾರಜನಕದ ಕೊರತೆಗೂ ಅದೇ ಪ್ರತಿಕ್ರಿಯೆ. 2008ರಲ್ಲಿ ಎರಡು ತಂಡಗಳು ಮತ್ತೊಂದು ಸಂಗತಿ ಹೊರಗೆಡವಿದವು: ಸ್ಟ್ರೈಗೋಲ್ಯಾಕ್ಟೋನ್ ಎಂದು ಕರೆಯುವ ಸ್ಟ್ರೈಗಾಲ್ ಕುಟುಂಬದ ಇವೇ ವಸ್ತುಗಳು ಗಿಡದೊಳಗೆ ಹಾರ್ಮೋನಿನಂತೆ ಕೆಲಸ ಮಾಡಿ ಎಷ್ಟು ಕವಲೊಡೆಯಬೇಕೆಂಬುದನ್ನು ಹತೋಟಿಯಲ್ಲಿಡುತ್ತವೆ. ಅಂದರೆ ಗಿಡಕ್ಕೆ ಈ ಒಸರನ್ನು ನಿಲ್ಲಿಸುವುದು ಸುಲಭವಲ್ಲ. ಒಳಗಿನ ವ್ಯವಸ್ಥೆಗೂ ಬೇಕು, ಹೊರಗಿನ ನಂಟಿಗೂ ಬೇಕು. ಶಿಲೀಂಧ್ರಕ್ಕೆ ಹೇಳಿದ ಮಾತನ್ನು ಕಳೆಯ ಬೀಜ ಕದ್ದು ಕೇಳುತ್ತಿದೆ. ಆ ಮಾತು ಹತ್ತಿಗೂ ಜೋಳಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಹತ್ತಿಯ ಒಗಟು ಬಿಡಿಸಿಕೊಳ್ಳುತ್ತದೆ.

ಇಂಥ ವಸ್ತುವನ್ನೇ ಸಂಕೇತವಾಗಿ ಹಿಡಿದುಕೊಳ್ಳುವುದರಲ್ಲಿ ಬೀಜಕ್ಕೆ ಇನ್ನೊಂದು ಲಾಭವಿದೆ. ಸ್ಟ್ರೈಗೋಲ್ಯಾಕ್ಟೋನಿನ ಅಣು ಗಟ್ಟಿಯಲ್ಲ. ಎರಡು ಭಾಗಗಳನ್ನು ಬೆಸೆದಿರುವ ಅದರ ಕೊಂಡಿ ಒದ್ದೆ ಮಣ್ಣಿನಲ್ಲಿ ಬೇಗ ಮುರಿಯುತ್ತದೆ, ಕ್ಷಾರೀಯ ಮಣ್ಣಿನಲ್ಲಿ ಇನ್ನೂ ಬೇಗ. ಹೀಗಾಗಿ ಅದು ಬೇರಿನಿಂದ ಬಹುದೂರ ಹೋಗಲಾರದು, ಬೇರು ಸತ್ತ ಮೇಲೆ ಬಹುಕಾಲ ಉಳಿಯಲಾರದು. ಹೋದ ವರ್ಷದ ಬೇರಿನ ನೆನಪು ಮಣ್ಣಿನಲ್ಲಿ ಇರುವುದಿಲ್ಲ. ಬೀಜದ ಪಕ್ಕದಲ್ಲಿ ಈ ಅಣು ಸಿಕ್ಕಿತೆಂದರೆ ಹತ್ತಿರದಲ್ಲೇ ಒಂದು ಬೇರು ಇವತ್ತು ಬದುಕಿದೆ ಎಂದೇ ಅರ್ಥ. ಅಣು ಬಾಳಿಕೆಯದಾಗಿದ್ದರೆ ಸಂಕೇತಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಈಗ ಬುತ್ತಿಯ ಮಾತು. ಪರಾವಲಂಬಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ ಮೊಳೆಯಲು ಆಸರೆಯ ಸಂಕೇತವನ್ನು ಕಾಯುವವು ಕೆಲವೇ ಎಂಬುದು ತಿಳಿಯುತ್ತದೆ. ನಮ್ಮ ಮಾವು, ಹಲಸು, ಚಿಕ್ಕು ಮರಗಳ ಮೇಲಿನ ಬಂದಳಿಕೆಯನ್ನು ತೆಗೆದುಕೊಳ್ಳಿ. ಬದನಿಕೆ ಹಕ್ಕಿ ಹಣ್ಣು ತಿಂದು ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ಅಲ್ಲೇ ಮೊಳೆಯುತ್ತದೆ. ತಂತಿಯ ಮೇಲೆ ಅಂಟಿದರೂ, ಕಲ್ಲಿನ ಮೇಲೆ ಅಂಟಿದರೂ ಮೊಳೆಯುತ್ತದೆ. ಒಳಗೆ ತುಂಬು ಆಹಾರವಿದೆ, ಹಸಿರೂ ಇದೆ, ಆಸರೆಯ ಮೇಲೆ ಕೂರಿಸುವ ಕೆಲಸವನ್ನು ಹಕ್ಕಿ ಮಾಡಿಕೊಟ್ಟಿದೆ. ಮೊಳೆಯಲೋ ಬೇಡವೋ ಎಂದು ಅಳೆಯುವ ಅಗತ್ಯ ಆ ಬೀಜಕ್ಕಿಲ್ಲ. ಶ್ರೀಗಂಧವೂ ಪರಾವಲಂಬಿಯೇ, 1871ರಲ್ಲಿ ಜಾನ್ ಸ್ಕಾಟ್ ಇದನ್ನು ತೋರಿಸಿಕೊಟ್ಟರು. ಕಿಲೋಗೆ ಸುಮಾರು ಆರು ಸಾವಿರ ಬೀಜ ತೂಗುವ ಗಂಧದ ಒಂದು ಬೀಜ ಸ್ಟ್ರೈಗಾದ ಒಂದು ಬೀಜಕ್ಕಿಂತ ಸುಮಾರು 30 ಸಾವಿರ ಪಟ್ಟು ಭಾರ. ಅದು ನರ್ಸರಿಯ ಮರಳಿನಲ್ಲಿ ಯಾವ ಆಸರೆಯೂ ಇಲ್ಲದೆ ಮೊಳೆತು, ಎಲೆ ಬಿಟ್ಟು, ಕೆಲಕಾಲ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ತೊಗರಿಯನ್ನೋ ಮತ್ತೊಂದನ್ನೋ ಪಕ್ಕದಲ್ಲಿ ನೆಟ್ಟು ಆಸರೆ ಒದಗಿಸುವುದು ಆಮೇಲಿನ ಕೆಲಸ. ಹುಚ್ಚೆಳ್ಳು, ಕುದುರೆಮೆಂತೆಗಳನ್ನು ಕಾಡುವ ಕಸ್ಕ್ಯುಟ ನಡುವಿನ ಮಾದರಿ. ಅದರ ಬೀಜ ಗಟ್ಟಿ ಸಿಪ್ಪೆ ಸವೆದೊಡನೆ ಯಾರ ಕರೆಗೂ ಕಾಯದೆ ಮೊಳೆಯುತ್ತದೆ, ಮೊಳೆತ ಎಳೆಬಳ್ಳಿ ಗಾಳಿಯಲ್ಲಿ ಸುತ್ತು ಹಾಕುತ್ತ ಹುಡುಕುತ್ತದೆ. 2006ರಲ್ಲಿ ರುನ್ಯನ್, ಮೆಷರ್, ಡಿ ಮೊರೇಸ್ ಅವರು ಆ ಎಳೆ ಟೊಮೆಟೊ ಗಿಡದ ವಾಸನೆಯತ್ತ ಬಾಗುತ್ತದೆ, ಗೋಧಿಯ ವಾಸನೆಯಲ್ಲಿರುವ ಒಂದು ವಸ್ತುವಿನಿಂದ ದೂರ ಸರಿಯುತ್ತದೆ ಎಂದು ತೋರಿಸಿದರು. ಇಲ್ಲಿ ಆಯ್ಕೆ ನಡೆಯುವುದು ಮೊಳೆತ ಮೇಲೆ, ಏಕೆಂದರೆ ಹುಡುಕಾಟಕ್ಕೆ ಕೆಲವು ದಿನಗಳ ಬುತ್ತಿ ಇದೆ. ಸ್ಟ್ರೈಗಾ, ಒರೊಬ್ಯಾಂಕಿಗಳಂಥ ಧೂಳುಬೀಜಗಳಿಗೆ ಆ ಅವಕಾಶವಿಲ್ಲ. ಲಕ್ಷಗಟ್ಟಲೆ ಬೀಜ ಉದುರಿಸಬೇಕಾದರೆ ಪ್ರತಿ ಬೀಜದ ಪಾಲು ಕಡಿಮೆಯಾಗಲೇಬೇಕು. ಪಾಲು ಕಡಿಮೆಯಾದ ಮೇಲೆ ಹುಡುಕಾಟವನ್ನು ಮೊಳಕೆಗೂ ಮೊದಲೇ ಮುಗಿಸಬೇಕು.

ಇಷ್ಟು ಕ್ಷೀಣವಾದ ಸುಳಿವನ್ನು ಹಿಡಿಯುವ ಕಿವಿ ಎಲ್ಲಿಂದ ಬಂತು? 2015ರಲ್ಲಿ ಒಂದರ ಹಿಂದೊಂದು ಪ್ರಕಟವಾದ ಸಂಶೋಧನೆಗಳು ಇದಕ್ಕೆ ಉತ್ತರ ಕೊಟ್ಟವು. ಸಾಮಾನ್ಯ ಗಿಡಗಳು ತಮ್ಮದೇ ಸ್ಟ್ರೈಗೋಲ್ಯಾಕ್ಟೋನನ್ನು ಗ್ರಹಿಸಲು ಬಳಸುವ ಪ್ರೋಟೀನ್ ಬೇರೆ, ಸ್ಟ್ರೈಗಾ ಬೀಜ ಬಳಸುವುದು ಬೇರೆ. ಎರಡನೆಯದು ಕೆಎಐ2 ಎಂಬ ಇನ್ನೊಂದು ಪ್ರೋಟೀನಿನ ಸಂತತಿ. ಕಾಡ್ಗಿಚ್ಚಿನ ಹೊಗೆಯಲ್ಲಿರುವ ಕ್ಯಾರಿಕಿನ್ ಎಂಬ ರಾಸಾಯನಿಕಗಳು ಬೀಜಗಳನ್ನು ಮೊಳೆಸುತ್ತವೆ ಎಂದು 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಪತ್ತೆಯಾಯಿತು. ಆ ಹೊಗೆಯ ಸುಳಿವನ್ನು ಹಿಡಿಯುವುದು ಇದೇ ಕೆಎಐ2. ಪರಾವಲಂಬಿಗಳ ವಂಶದಲ್ಲಿ ಈ ಜೀನ್ ಮತ್ತೆ ಮತ್ತೆ ನಕಲಾಗಿ, ನಕಲುಗಳು ರೂಪ ಬದಲಿಸಿ, ಸ್ಟ್ರೈಗೋಲ್ಯಾಕ್ಟೋನಿನ ಕಡೆ ತಿರುಗಿಕೊಂಡವು. ಸ್ಟ್ರೈಗಾ ಹರ್ಮಾಂಥಿಕಾದಲ್ಲಿ ಇಂಥ 11 ಗ್ರಾಹಿಗಳಿವೆ. ಅವುಗಳಲ್ಲಿ ಎಚ್‌ಟಿಎಲ್7 ಎಂಬುದು ಎಷ್ಟು ಚುರುಕೆಂದರೆ ನಂಬಲು ಕಷ್ಟವಾಗುವಷ್ಟು ತೆಳುವಾದ ದ್ರಾವಣಕ್ಕೂ, ಪಿಕೊಮೋಲಾರ್ ಮಟ್ಟದಲ್ಲೇ, ಪ್ರತಿಕ್ರಿಯಿಸುತ್ತದೆ. ಈ ಗ್ರಾಹಿ ಅಣುವನ್ನು ಹಿಡಿದು ಸೀಳಿ ಒಂದು ತುಂಡನ್ನು ತನಗೇ ಅಂಟಿಸಿಕೊಳ್ಳುತ್ತದೆ. ಕೇಳಿದ ಕರೆ ಕೇಳುವ ಕ್ರಿಯೆಯಲ್ಲೇ ನಾಶವಾಗುತ್ತದೆ. ಅಲ್ಲಿಂದ ಮುಂದೆ ಸ್ಟ್ರೈಗಾದಲ್ಲಿ ಎಥಿಲೀನ್ ಉತ್ಪತ್ತಿ ಹೆಚ್ಚುತ್ತದೆ, ಒರೊಬ್ಯಾಂಕಿಯ ಬಳಗದಲ್ಲಿ ಸುಪ್ತಾವಸ್ಥೆಯನ್ನು ಕಾಯುವ ಆಬ್ಸಿಸಿಕ್ ಆಮ್ಲ ಒಡೆಯುತ್ತದೆ. ಯಾವ ದಾರಿಯಾದರೂ ಕೊನೆಗೆ ಸಿಪ್ಪೆ ಬಿರಿಯುತ್ತದೆ. ಬೀಜಕ್ಕೆ ಎಂದು ಏಳಬೇಕೆಂದು ಹೇಳುತ್ತಿದ್ದ ಹಳೆಯ ಸಲಕರಣೆಯನ್ನೇ ಪರಾವಲಂಬಿ ತಿದ್ದಿಕೊಂಡಿದೆ. ಕಾಲವನ್ನು ಅಳೆಯುವ ಉಪಕರಣದ ಮಗ ದೂರವನ್ನೂ ಅಳೆಯಲು ಕಲಿತ ಎನ್ನಬಹುದು.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತೇಲಿಸಿಬಿಡುವಂತಿಲ್ಲ. ಬೀಜಗಳು ಬರೀ ದೂರವನ್ನೇ ಅಳೆಯುವುದಾದರೆ ಎಲ್ಲ ಧೂಳುಬೀಜಗಳೂ ಎಲ್ಲ ಬೇರುಗಳಿಗೂ ಒಂದೇ ತೆರನಾಗಿ ಸ್ಪಂದಿಸಬೇಕು. ಹಾಗಾಗುವುದಿಲ್ಲ. ಸೂರ್ಯಕಾಂತಿಯ ಮೇಲೆ ಬದುಕುವ ಒರೊಬ್ಯಾಂಕಿ ಕುಮಾನಾ ಸೂರ್ಯಕಾಂತಿಯ ಕುಟುಂಬಕ್ಕೆ ವಿಶಿಷ್ಟವಾದ ಡಿಹೈಡ್ರೊಕಾಸ್ಟಸ್ ಲ್ಯಾಕ್ಟೋನ್ ಎಂಬ ವಸ್ತುವಿಗೆ ಏಳುತ್ತದೆ ಎಂದು 2011ರಲ್ಲಿ ತಿಳಿದುಬಂತು. ಫೆಲಿಪ್ಯಾಂಕಿ ರಾಮೋಸಾ ಎಂಬುದು ಸಾಸಿವೆ ಕುಟುಂಬದ ಬೆಳೆಗಳ ಬೇರಿನಿಂದ ಬರುವ ಐಸೊಥಯೊಸೈನೇಟ್‌ಗಳಿಗೂ ಏಳುತ್ತದೆ. ಸಾಸಿವೆಯ ಘಾಟಿಗೆ ಕಾರಣವಾದ ವಸ್ತುಗಳ ಬಳಗ ಅದು. ಸ್ಟ್ರೈಗೋಲ್ಯಾಕ್ಟೋನ್‌ಗಳೊಳಗೂ ಭೇದವಿದೆ. ಜೋಳದ ಎಲ್‌ಜಿಎಸ್1 ಎಂಬ ಜೀನ್ ಕೆಟ್ಟರೆ ಬೇರು ಒಸರುವ ಮುಖ್ಯ ವಸ್ತು 5-ಡಿಆಕ್ಸಿಸ್ಟ್ರೈಗಾಲ್ ಬದಲು ಒರೊಬ್ಯಾಂಕಾಲ್ ಆಗುತ್ತದೆ, ಸ್ಟ್ರೈಗಾದ ಬೀಜ ಅದಕ್ಕೆ ಬಹುಮಟ್ಟಿಗೆ ಮೊಳೆಯುವುದಿಲ್ಲ ಎಂದು 2017ರಲ್ಲಿ ಪ್ರಕಟವಾಯಿತು. ಹಾಗಿದ್ದರೆ ಗುರುತು ಹಿಡಿಯುವುದು ಎಂದರೆ ಇದೇ ಅಲ್ಲವೇ? ಒಂದು ಮಟ್ಟಿಗೆ ಹೌದು. ಆದರೆ ಇಲ್ಲಿ ಕಾಣುವುದು ಇಂಥ ಗಿಡವೇ ಬೇಕೆಂಬ ತಪಾಸಣೆಗಿಂತ ಹೆಚ್ಚಾಗಿ, ಆ ಪ್ರದೇಶದಲ್ಲಿ ಯಾವ ಬೇರಿನ ಒಸರು ಸಾಮಾನ್ಯವೋ ಅದಕ್ಕೆ ಕಿವಿಯನ್ನು ಹೊಂದಿಸಿಕೊಂಡ ರೀತಿ. ಸಾಸಿವೆ ಕುಟುಂಬದ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಆ ಕುಟುಂಬದ ಬಹುತೇಕ ಗಿಡಗಳು ಮೈಕೊರೈಜಾ ನಂಟನ್ನು ಕಳೆದುಕೊಂಡಿವೆ. ಶಿಲೀಂಧ್ರವನ್ನು ಜೋರಾಗಿ ಕರೆಯುವ ಕಾರಣ ಅವಕ್ಕಿಲ್ಲ. ಅಂಥ ಬೇರಿನ ಪಕ್ಕದಲ್ಲಿರುವ ಬೀಜ ಬೇರೆ ಸುಳಿವಿಗೆ ಕಿವಿಗೊಡಲೇಬೇಕು. ಒಂದು ಕಿವಿಗೆ ಬದಲು ಹಲವು ಕಿವಿಗಳು, ಕೇಳುವ ಪ್ರಶ್ನೆ ಮಾತ್ರ ಅದೇ.

ಆಸರೆ ಯಾರೆಂಬುದು ನಿಜವಾಗಿ ತೀರ್ಮಾನವಾಗುವುದು ಮೊಳೆತ ಮೇಲೆ ಎನ್ನಲು ಇನ್ನೊಂದು ಸಾಲು ಸಾಕ್ಷಿಗಳಿವೆ. ಮೊಳಕೆಯ ಎಳೆ ಬೇರಿನ ಕಡೆಗೆ ಬಾಗುವುದರಲ್ಲೂ ಸ್ಟ್ರೈಗೋಲ್ಯಾಕ್ಟೋನ್ ದಾರಿ ತೋರಿಸುತ್ತದೆ ಎಂದು 2022ರಲ್ಲಿ ಜಪಾನಿನ ತಂಡವೊಂದು ವರದಿ ಮಾಡಿತು. ಬೇರಿನ ಹತ್ತಿರ ಬಂದ ಎಳೆ ಬೆಳವಣಿಗೆ ನಿಲ್ಲಿಸಿ, ತುದಿ ಉಬ್ಬಿಸಿ, ಸುತ್ತ ಸಣ್ಣ ರೋಮಗಳನ್ನು ಹೊರಡಿಸಿ ಹಾಸ್ಟೋರಿಯಂ ಎಂಬ ಹೀರುಗಂಟನ್ನು ಕಟ್ಟಬೇಕು. ಅದಕ್ಕೆ ಇನ್ನೊಂದು ವರ್ಗದ ರಾಸಾಯನಿಕ ಬೇಕು. ಜೋಳದ ಬೇರಿನಿಂದ 1986ರಲ್ಲಿ ಪ್ರತ್ಯೇಕಿಸಿದ ಡೈಮೆಥಾಕ್ಸಿಬೆಂಜೊಕ್ವಿನೋನ್ ಇವುಗಳಲ್ಲಿ ಪ್ರಸಿದ್ಧ. ಜೀವಕೋಶದ ಗೋಡೆಯ ಘಟಕಗಳು ಉತ್ಕರ್ಷಣಗೊಂಡಾಗ ಇದು ಹುಟ್ಟುತ್ತದೆ. ಇದೂ ಬಹಳ ಗಿಡಗಳಿಗೆ ಸಾಮಾನ್ಯವಾದದ್ದೇ. ಅದಾದ ಮೇಲೆ ಬೇರಿನ ಹೊರಪದರ ತೂರುವುದು, ಒಳಗಿನ ನೀರುಕೊಳವೆಗೆ ತನ್ನ ಕೊಳವೆ ಜೋಡಿಸುವುದು. ಹೊಂದಾಣಿಕೆ ತಪ್ಪುವುದು ಹೆಚ್ಚಾಗಿ ಇಲ್ಲಿ. ಭಾರತದ ಹಳೆಯ ಜೋಳದ ತಳಿ ಎನ್13 ಒಳ್ಳೆಯ ಉದಾಹರಣೆ: ಅದರ ಬೇರು ಸ್ಟ್ರೈಗಾ ಬೀಜವನ್ನು ಎಬ್ಬಿಸುತ್ತದೆ, ಆದರೆ ಬಲವಾದ ಬೇರುಗೋಡೆಗಳು ಮೊಳಕೆಯನ್ನು ಒಳಗೆ ಬಿಡುವುದಿಲ್ಲ. ಕರೆ ಕೇಳಿಸಿಕೊಂಡು ಬಂದವನಿಗೆ ಬಾಗಿಲು ತೆರೆಯುವುದಿಲ್ಲ.

ಈ ತಿಳಿವಳಿಕೆ ಹೊಲಕ್ಕೆ ಎಷ್ಟು ಉಪಯೋಗಕ್ಕೆ ಬಂದಿದೆ? ಬೆಳೆಯಿಲ್ಲದಾಗ ಬೀಜವನ್ನು ಎಬ್ಬಿಸಿ ಹಸಿವಿನಿಂದ ಸಾಯಿಸುವುದು ಮೊದಲು ಹೊಳೆದ ಉಪಾಯ. ಕ್ಯಾರೊಲಿನಾಗಳಲ್ಲಿ ಎಥಿಲೀನ್ ಅನಿಲವನ್ನು ಮಣ್ಣಿಗೆ ಚುಚ್ಚಿ ಇದನ್ನೇ ಮಾಡಿದರು. ಕಳೆನಾಶಕ ಮತ್ತು ಕಟ್ಟುನಿಟ್ಟಿನ ನಿರ್ಬಂಧಗಳೂ ಜೊತೆಗಿದ್ದವು, ಸುಮಾರು 1.75 ಲಕ್ಷ ಹೆಕ್ಟೇರಿಗೆ ಹಬ್ಬಿದ್ದ ಪಿಡುಗು ಶೇ 99ಕ್ಕೂ ಹೆಚ್ಚು ಕುಗ್ಗಿತು. ಆ ಯಂತ್ರ, ಆ ಖರ್ಚು, ಆ ಸರ್ಕಾರಿ ಬೆಂಬಲ ನೈಜರ್‌ನ ಸಜ್ಜೆ ಬೆಳೆಗಾರನಿಗಾಗಲಿ ವಿಜಯಪುರದ ಜೋಳದ ರೈತನಿಗಾಗಲಿ ಸಿಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗಾಗಿ ಅಗ್ಗದ ಕೃತಕ ಅಣುಗಳ ಹುಡುಕಾಟ 1970ರ ದಶಕದಿಂದ ನಡೆದಿದೆ. ನಗೋಯಾದ ತಂಡ 2018ರಲ್ಲಿ ರೂಪಿಸಿದ ಸ್ಫೈನೋಲ್ಯಾಕ್ಟೋನ್-7 ಎಂಬ ಅಣು ಫೆಮ್ಟೊಮೋಲಾರ್ ಮಟ್ಟದಲ್ಲೂ ಸ್ಟ್ರೈಗಾವನ್ನು ಎಬ್ಬಿಸುತ್ತದೆ. ಬುರ್ಕಿನಾ ಫಾಸೊದ ರೈತರ ಹೊಲಗಳಲ್ಲಿ ಬಿತ್ತನೆಗೆ ಮುಂಚೆ ಇಂಥ ಬೇರೆ ಅಣುಗಳನ್ನು ಬಳಸಿದಾಗ ಹೊರಬಂದ ಸ್ಟ್ರೈಗಾ ಗಿಡಗಳು ಅರ್ಧದ ಆಸುಪಾಸಿಗೆ ಇಳಿದವು ಎಂದು 2019ರ ವರದಿ. ಅರ್ಧ ಇಳಿಯುವುದು ಸಣ್ಣದಲ್ಲ. ಆದರೆ ಒಂದೊಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುವಾಗ ದೊಡ್ಡದೂ ಅಲ್ಲ. ಬೀಜ ಎಚ್ಚರಗೊಳ್ಳಲು ಒಂದೆರಡು ವಾರದ ತೇವ ಬೇಕು, ಮಳೆಯಾಶ್ರಿತ ರೈತನಿಗೆ ಅದೇ ತೇವದಲ್ಲಿ ಬಿತ್ತುವ ಆತುರ. ಈ ಇಕ್ಕಟ್ಟನ್ನು ಯಾವ ಅಣುವೂ ತಾನಾಗಿ ಬಿಡಿಸಲಾರದು. ಕೀನ್ಯಾದ ವಿಕ್ಟೋರಿಯಾ ಸರೋವರದ ತೀರದಲ್ಲಿ ಜಿಯಾವುರ್ ಖಾನ್ ಮತ್ತು ಸಂಗಡಿಗರು ಬೆಳೆಸಿದ ಪದ್ಧತಿ ನನಗೆ ಇದಕ್ಕಿಂತ ಜಾಣತನದ್ದೆನಿಸುತ್ತದೆ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವು; ಅದರ ಬೇರಿನ ಕೆಲವು ವಸ್ತುಗಳು ಬೀಜವನ್ನು ಎಬ್ಬಿಸುತ್ತವೆ, ಇನ್ನು ಕೆಲವು ಮೊಳಕೆಯ ಬೆಳವಣಿಗೆಯನ್ನು ತಡೆಯುತ್ತವೆ. ಬೆಳೆಯೂ ನಿಂತಿರುತ್ತದೆ, ದನಕ್ಕೆ ಮೇವೂ ಆಗುತ್ತದೆ, ಮಣ್ಣಿಗೆ ಸಾರಜನಕವೂ ಸೇರುತ್ತದೆ. ಕೊನೆಯದು ಬರಿಯ ಉಪಲಾಭವಲ್ಲ: ಹಸಿದ ಬೇರು ಹೆಚ್ಚು ಕರೆಯುತ್ತದೆ ಎಂಬುದು ನಿಜವಾದರೆ ಹೊಟ್ಟೆ ತುಂಬಿದ ಬೇರು ಕಡಿಮೆ ಕರೆಯುತ್ತದೆ. ಬಡ ಮಣ್ಣಿನಲ್ಲೇ ಸ್ಟ್ರೈಗಾ ವಿಜೃಂಭಿಸುವುದಕ್ಕೆ ಇದು ಒಂದು ಮುಖ್ಯ ಕಾರಣ.

ಇನ್ನುಳಿದ ದಾರಿ ಬೇರಿನ ಕರೆಯನ್ನೇ ಬದಲಿಸುವುದು. ಇಥಿಯೋಪಿಯಾ ಮೂಲದ ಗೆಬಿಸಾ ಎಜೆಟಾ ಬೀಜವನ್ನು ಕಡಿಮೆ ಎಬ್ಬಿಸುವ ಜೋಳದ ತಳಿಗಳನ್ನು ಆಫ್ರಿಕಾದ ರೈತರಿಗೆ ತಲುಪಿಸಿದರು; 2009ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಬಂದದ್ದರ ಹಿಂದೆ ಜೋಳದ ಈ ಕೆಲಸವೂ ಇತ್ತು. ಅದರ ಹಿಂದಿನ ಜೀನ್ ಎಲ್‌ಜಿಎಸ್1 ಎಂಬುದು ಗೊತ್ತಾದದ್ದು ತಡವಾಗಿ. ಮೆಕ್ಕೆಜೋಳದಲ್ಲೂ ಒಸರಿನ ಮಿಶ್ರಣ ಬದಲಾದರೆ ಸ್ಟ್ರೈಗಾದ ಹಾವಳಿ ತಗ್ಗುತ್ತದೆಂದು 2023ರಲ್ಲಿ ವರದಿಯಾಗಿದೆ. ಕರೆಯನ್ನು ಪೂರ್ತಿ ನಿಲ್ಲಿಸಿದರೆ ಶಿಲೀಂಧ್ರದ ನಂಟು ಸಡಿಲವಾಗುತ್ತದೆ, ಗಿಡದ ಆಕಾರವೇ ಕೆಡುತ್ತದೆ; ಅದಕ್ಕಾಗಿ ಈ ತಳಿಗಳು ಕರೆಯ ಧಾಟಿಯನ್ನು ಮಾತ್ರ ಬದಲಿಸುತ್ತವೆ. ಅದೂ ಪುಕ್ಕಟೆಯಲ್ಲ. ಎಲ್‌ಜಿಎಸ್1 ಕೆಟ್ಟ ಜೋಳಗಳು ಆಫ್ರಿಕಾದಲ್ಲಿ ಸ್ಟ್ರೈಗಾ ಇರುವ ಕಡೆಗಳಲ್ಲಿ ಹೆಚ್ಚಾಗಿವೆ, ಆದರೆ ಅಲ್ಲಿಯೂ ಎಲ್ಲೆಡೆ ಹರಡಿಲ್ಲ ಎಂಬುದನ್ನು ತೋರಿಸಿದ 2020ರ ಅಧ್ಯಯನ, ಈ ಬದಲಾವಣೆಗೆ ಜೋಳ ಬೇರೆಡೆ ಬೆಲೆ ತೆರುತ್ತಿರಬಹುದೆಂಬ ಸುಳಿವನ್ನೂ ಕೊಟ್ಟಿತು. ಇನ್ನು ಕಳೆಯ ಕಡೆಯಿಂದ ನೋಡಿದರೆ, ಹನ್ನೊಂದು ಗ್ರಾಹಿಗಳಿರುವ ಬೀಜಕ್ಕೆ ಒರೊಬ್ಯಾಂಕಾಲಿನ ಧಾಟಿಯನ್ನು ಕಲಿಯುವುದು ಅಸಾಧ್ಯವೇನಲ್ಲ. ಸೂರ್ಯಕಾಂತಿ, ಸಾಸಿವೆಗಳನ್ನು ಕಾಡುವ ಅದರ ನೆಂಟರು ಅಂಥದ್ದನ್ನು ಕಲಿತು ತೋರಿಸಿದ್ದಾರೆ. ಕರೆ ಬದಲಿಸಿದ ತಳಿಯೊಳಗೆ ಎನ್13ರ ಗಟ್ಟಿ ಬೇರುಗೋಡೆಯನ್ನೂ ಸೇರಿಸಿದರೆ ಕಳೆ ಏಕಕಾಲಕ್ಕೆ ಎರಡು ಪಾಠ ಕಲಿಯಬೇಕಾಗುತ್ತದೆ, ಅದೂ ಕೆಲವೇ ದಿನದ ಬುತ್ತಿಯಲ್ಲಿ. ತಳಿವಿಜ್ಞಾನಿಗಳು ಮೊದಲು ಕೈಹಾಕಬೇಕಾದ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ. ಎನ್13ರ ನಿರೋಧಕ ಗುಣ ಅದರ ಯಾವ ಯಾವ ವರ್ಣತಂತು ಭಾಗಗಳಲ್ಲಿದೆ ಎಂಬ ನಕ್ಷೆ 2004ರಿಂದಲೇ ಕೈಯಲ್ಲಿದೆ.